ಗ್ರಹಣಗಳು ಸುತ್ತುವ ಕೋಣೆ

ಒಂದು ಕತ್ತಲ ಕೋಣೆ, ನಡುವೆ ತೂಗುಬಿಟ್ಟ ಕನ್ನಡಿಚೆಂಡು. ಡಿಸ್ಕೋಗಳಲ್ಲಿ ತಿರುಗುತ್ತದಲ್ಲ, ಅದೇ. ಸ್ಕಾಟ್ಲೆಂಡಿನ ಕಲಾವಿದೆ ಕೇಟಿ ಪ್ಯಾಟರ್ಸನ್ 2016ರಲ್ಲಿ ರೂಪಿಸಿದ ‘ಟೊಟ್ಯಾಲಿಟಿ’ ಇಷ್ಟೇ. ಆದರೆ ಚೆಂಡಿನ ಒಂದೊಂದು ಚೂರುಗನ್ನಡಿಯ ಮೇಲೂ ಸೂರ್ಯಗ್ರಹಣದ ಒಂದೊಂದು ಚಿತ್ರ: ಹಿಂದಿನವರು ಕೈಯಲ್ಲಿ ಬಿಡಿಸಿದ್ದರಿಂದ ಹಿಡಿದು ದೂರದರ್ಶಕದ ಛಾಯಾಚಿತ್ರಗಳವರೆಗೆ 10,000ಕ್ಕೂ ಹೆಚ್ಚು. ಬೆಳಕು ಬಿದ್ದು ಚೆಂಡು ತಿರುಗಿದರೆ ಗೋಡೆ, ನೆಲ, ನೋಡುವವರ ಮೈಮೇಲೆಲ್ಲ ಅರೆ ಕಚ್ಚಿದ, ಪೂರಾ ನುಂಗಿದ ಸೂರ್ಯರು ಹರಿದಾಡುತ್ತಾರೆ.

ವಿಜ್ಞಾನದ ಹೆಸರಲ್ಲಿ ಪ್ರೊಜೆಕ್ಟರಿನ ಬಣ್ಣ ಸುರಿಯುವ ಪ್ರದರ್ಶನಗಳು ನನಗೆ ಬೇಗ ಸಾಕಾಗುತ್ತವೆ. ಇದು ಹಾಗಲ್ಲ, ಇಲ್ಲಿರುವುದೆಲ್ಲ ಯಾರೋ ಕಣ್ಣಾರೆ ಕಂಡು ದಾಖಲಿಸಿದ್ದು. 1868ರ ಆಗಸ್ಟ್ 18ರ ಗ್ರಹಣವನ್ನೇ ನೆನೆಯಿರಿ. ಗುಂಟೂರಿನಲ್ಲಿ ಫ್ರಾನ್ಸಿನ ಖಗೋಳವಿಜ್ಞಾನಿ ಜಾನ್ಸೆನ್, ನಮ್ಮ ಜಮಖಂಡಿಯಲ್ಲಿ ಜಾನ್ ಹರ್ಷೆಲ್ (ಯುರೇನಸ್ ಕಂಡುಹಿಡಿದ ವಿಲಿಯಂ ಹರ್ಷೆಲರ ಮೊಮ್ಮಗ) ರೋಹಿತದರ್ಶಕ ಹೂಡಿ ಕಾದಿದ್ದರು. ಆ ವರ್ಷ ಸೂರ್ಯನಂಚಿನ ಬೆಳಕಿನಲ್ಲಿ ಕಂಡ ಹಳದಿ ಗೆರೆಯೇ ಮುಂದೆ ಹೀಲಿಯಂ ಧಾತುವಿನದೆಂದು ತಿಳಿಯಿತು. ಸೂರ್ಯನ ಒಡಲಲ್ಲಿ ಹೈಡ್ರೋಜನ್ ಬೆಸೆದು ಹೀಲಿಯಂ. ಮುಪ್ಪಾದ ನಕ್ಷತ್ರದ ಒಡಲಲ್ಲಿ ಮೂರು ಹೀಲಿಯಂ ಬೀಜಗಳು ಕೂಡಿ ಇಂಗಾಲ. ಆ ಕತ್ತಲ ಕೋಣೆಯ ಗೋಡೆಗೊರಗಿ ನಿಂತವರ ಮೈಯ ಇಂಗಾಲವೂ ಹಾಗೆ ಬೆಂದು ಬಂದದ್ದೇ.