ಪರ್ದಾ ಬೇರೆ, ಪರ್ದಾಪೋಶಿ ಬೇರೆ

ಉರ್ದುವಿನಲ್ಲಿ ಪರ್ದಾ ಅಂದರೆ ಮಾನ ಕಾಯೋದು, ಪರ್ದಾಪೋಶಿ ಅಂದರೆ ತಪ್ಪು ಮುಚ್ಚೋದು. ನಮ್ಮ ಕಾನೂನು ಎರಡನ್ನೂ ಬೆರೆಸಿಬಿಟ್ಟಿದೆ. ಆಧಾರ್ ಪ್ರಶ್ನಿಸಿದ ಕರ್ನಾಟಕದ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರ ಮೊಕದ್ದಮೆಯಲ್ಲಿ, 2017ರಲ್ಲಿ, ಖಾಸಗಿತನ ಮೂಲಭೂತ ಹಕ್ಕು ಅಂತ ಸುಪ್ರೀಂ ಕೋರ್ಟ್ ಹೇಳಿತು. ಅದೇ ಖಾಸಗಿತನದ ಹೆಸರಲ್ಲಿ 2023ರ ಡೇಟಾ ಸಂರಕ್ಷಣಾ ಕಾಯ್ದೆ, ಮಾಹಿತಿ ಹಕ್ಕು ಕಾಯ್ದೆಯ ಸೆಕ್ಷನ್ 8(1)(ಜೆ) ತಿದ್ದಿತು. ಸಂಸತ್ತಿಗೆ ನಿರಾಕರಿಸಲಾಗದ ಮಾಹಿತಿಯನ್ನು ಪ್ರಜೆಗೂ ನಿರಾಕರಿಸುವಂತಿಲ್ಲ ಎಂಬ ಮಾತನ್ನೇ ಕಿತ್ತುಹಾಕಿತು. ಅಕ್ರಮ ಬಯಲಿಗೆಳೆಯುವವರ ರಕ್ಷಣೆಗೆಂದು 2014ರಲ್ಲಿ ಆದ ಕಾಯ್ದೆಯಂತೂ ವರ್ಷಗಳು ಕಳೆದರೂ ಜಾರಿಗೆ ಬರಲಿಲ್ಲ.

ಮುಲುಂಡ್‌ನ ರೇಷನ್ ಅಂಗಡಿಯಲ್ಲಿ ಅಕ್ಕಿಗಾಗಿ ಹೆಬ್ಬೆರಳು ಒತ್ತುವವರು ನಾವು. ಆ ಅಕ್ಕಿ ಯಾರ ಪಾಲಾಯಿತು ಅಂತ ಕೇಳಿದರೆ, ಕಚೇರಿ ಈಗ ‘ವೈಯಕ್ತಿಕ ಮಾಹಿತಿ’ ಅನ್ನಬಹುದು. ಇದಕ್ಕೆ ಪರ್ದಾಪೋಶಿ ಅನ್ನದೆ ಇನ್ನೇನನ್ನಬೇಕು?