ಸುರುಳಿ ಸುತ್ತಿಕೊಂಡ ಅದಿರು

ಖನಿಜ ಸಂಗ್ರಹದ ಹುಚ್ಚು ಹತ್ತಿದವರು ಮೊದಲು ಮರುಳಾಗುವುದು ಬಣ್ಣಕ್ಕೆ. ಅಜುರೈಟಿನ ನೀಲಿ, ಮ್ಯಾಲಕೈಟಿನ ಹಸಿರು, ಫ್ಲೋರೈಟಿನ ನೇರಳೆ. ಒಂದಷ್ಟು ವರ್ಷ ಕಳೆದ ಮೇಲೆ ಅವರಲ್ಲೇ ಕೆಲವರು ಸದ್ದಿಲ್ಲದೆ ಬೂದು ಬಣ್ಣದ ಕಡೆಗೆ ಹೊರಳುತ್ತಾರೆ. ಅವರ ಕಪಾಟು ನೋಡಿದರೆ ಮನೆಗೆ ಬಂದ ನೆಂಟರಿಗೆ ಏನೂ ಅನಿಸುವುದಿಲ್ಲ. ಎಲ್ಲವೂ ಸೀಸದ ಚೂರುಗಳ ಹಾಗೆಯೇ ಕಾಣುತ್ತವೆ. ಆದರೆ ಆ ಬೂದು ಸಾಲಿನಲ್ಲಿ ಸಿಲಿಂಡ್ರೈಟ್ ಎಂಬ ಒಂದು ತುಣುಕು ಇದ್ದರೆ ಭೂತಕನ್ನಡಿ ಕೇಳಿ ಪಡೆಯಿರಿ. ರಸಿಕರಿಗೆ ಮೀಸಲಾದ ಖನಿಜ ಎಂದು ಯಾವುದನ್ನಾದರೂ ಕರೆಯಬಹುದಾದರೆ ಅದು ಇದೇ ಎಂದು ನನ್ನ ಅಭಿಪ್ರಾಯ.

ಹೆಸರೇ ಹೇಳುವಂತೆ ಇದು ಉರುಳೆಯಾಕಾರದ ಖನಿಜ. ಕಲ್ಲಿನ ಮೈಯಲ್ಲಿ ಸಣ್ಣ ಸಣ್ಣ ಉರುಳೆಗಳು ಒಂದರ ಪಕ್ಕ ಒಂದು, ಒಂದರ ಮೇಲೊಂದು, ಯಾವ ಶಿಸ್ತೂ ಇಲ್ಲದೆ ಬಿದ್ದಿರುತ್ತವೆ. ಉದ್ದ ಹೆಚ್ಚೆಂದರೆ ಕೆಲವು ಸೆಂಟಿಮೀಟರ್. ಬಣ್ಣ ಕಪ್ಪು ಬೆರೆತ ಸೀಸದ ಬೂದು, ಹೊಳಪು ಅಪ್ಪಟ ಲೋಹದ್ದು. ಬದಿಯಿಂದ ನೋಡಿದರೆ ತಂತಿಯ ತುಂಡು ಅಂದುಕೊಳ್ಳಬಹುದು. ಸ್ವಾರಸ್ಯ ಇರುವುದು ಮುರಿದ ತುದಿಯಲ್ಲಿ. ಅಲ್ಲಿ ಒಂದರೊಳಗೊಂದು ಉಂಗುರಗಳು, ನಡುವಿನವರೆಗೂ. ಹೊರಗಿನ ಸಿಪ್ಪೆ ಬಾಗಿದ ಹಾಳೆಯಾಗಿ ಕಳಚಿ ಬರುತ್ತದೆ. ಒಳಗೆ ಮತ್ತೆ ಅಷ್ಟೇ ನುಣುಪಾದ, ಅಷ್ಟೇ ಹೊಳೆಯುವ ಇನ್ನೊಂದು ಮೈ. ಅದನ್ನೂ ಕಳಚಿದರೆ ಮತ್ತೊಂದು.

ಸ್ಫಟಿಕ ಅಂದರೆ ಚಪ್ಪಟೆ ಮುಖ, ನೆಟ್ಟನೆಯ ಅಂಚು, ಖಚಿತವಾದ ಕೋನ ಎಂದು ಶಾಲೆಯಲ್ಲಿ ಕಲಿತವರಿಗೆ ಇದು ಕೊಂಚ ಇರಿಸುಮುರಿಸು ತರುವ ವಸ್ತು. ಉರುಳೆಗೆ ಅಂಚೂ ಇಲ್ಲ, ಕೋನವೂ ಇಲ್ಲ. ಹಾಗಂತ ಇದು ಗಾಜಿನಂತೆ ಕ್ರಮವಿಲ್ಲದ ವಸ್ತುವೂ ಅಲ್ಲ. ಒಳಗೆ ಪರಮಾಣುಗಳು ಸಾಲು ತಪ್ಪದೆ ನಿಂತಿವೆ. ಬಿಳಿ ಕಲ್ನಾರಿನ ಎಳೆಗಳೂ ಹೀಗೆ ಸುರುಳಿ ಸುತ್ತಿಕೊಂಡ ಪದರಗಳೇ. ಆದರೆ ಆ ಕೊಳವೆಗಳನ್ನು ಕಾಣಲು ಎಲೆಕ್ಟ್ರಾನ್ ಸೂಕ್ಷ್ಮದರ್ಶಕ ಬೇಕು. ಸಿಲಿಂಡ್ರೈಟ್ ತನ್ನ ಸುರುಳಿಯನ್ನು ಬರಿಗಣ್ಣಿಗೇ ತೋರಿಸುತ್ತದೆ.

ಇದರ ತವರು ಬೊಲಿವಿಯಾ. ಆಂಡೀಸ್ ಪರ್ವತಸಾಲಿನ ನಡುವಿನ ಎತ್ತರದ ಬಯಲಿನಲ್ಲಿ, ಸಮುದ್ರಮಟ್ಟದಿಂದ ಸುಮಾರು 3,700 ಮೀಟರ್ ಮೇಲೆ, ಒರೂರೊ ಪ್ರಾಂತ್ಯದ ಪೊಓಪೊ ಎಂಬ ಊರಿನ ಸಾಂತಾ ಕ್ರೂಸ್ ಗಣಿ. ಪಕ್ಕದಲ್ಲಿ ಅದೇ ಹೆಸರಿನ ದೊಡ್ಡ ಸರೋವರವಿತ್ತು. 2015ರಲ್ಲಿ ಅದು ಬತ್ತಿಹೋಯಿತು. ಇಡೀ ಸೀಮೆ ತವರ ಮತ್ತು ಬೆಳ್ಳಿಯದು. ತವರದಿಂದಲೇ ಜಗತ್ತಿನ ಅತಿ ಶ್ರೀಮಂತರ ಸಾಲಿಗೆ ಸೇರಿದ ಸಿಮೋನ್ ಪಟಿನ್ಯೊ ಈ ನಾಡಿನವನು. 1952ರ ಕ್ರಾಂತಿಯ ನಂತರ ಅವನ ಗಣಿಗಳೆಲ್ಲ ಸರ್ಕಾರದ ಪಾಲಾದವು. ಇಲ್ಲಿನ ಗಣಿಗಳ ಸುರಂಗದೊಳಗೆ ‘ಎಲ್ ಟಿಯೊ’ ಎಂಬ ಕೊಂಬಿನ ದೇವರ ಮಣ್ಣಿನ ಮೂರ್ತಿ ಕೂತಿರುತ್ತದೆ. ಟಿಯೊ ಅಂದರೆ ಮಾವ. ಗಣಿ ಕಾರ್ಮಿಕರು ಅವನಿಗೆ ಕೋಕಾ ಎಲೆ, ಸಿಗರೇಟು, ಸಾರಾಯಿ ಅರ್ಪಿಸಿಯೇ ಕೆಲಸಕ್ಕೆ ಇಳಿಯುವುದು. ನೆಲದೊಳಗಿನ ಸಂಪತ್ತೆಲ್ಲ ಮಾವನದು ಎಂಬ ನಂಬಿಕೆ.

ಆ ಸಂಪತ್ತಿನಲ್ಲಿ ಮುಖ್ಯವಾದದ್ದು ಕ್ಯಾಸಿಟರೈಟ್ ಎಂಬ ತವರದ ಆಕ್ಸೈಡು. ನಮ್ಮ ಹಿತ್ತಾಳೆ ಪಾತ್ರೆಗಳ ಕಲಾಯಿಗೆ ಬಳಸುವ ತವರವೂ ಮೂಲದಲ್ಲಿ ಇಂಥ ಅದಿರಿನದೇ. ಭೂಮಿಯಲ್ಲಿ ತವರ ಸಾಮಾನ್ಯವಾಗಿ ಆಮ್ಲಜನಕದ ಜತೆ ಸೇರಿ ಸಿಗುತ್ತದೆ. ಬೊಲಿವಿಯಾದ ಈ ಪಟ್ಟಿಯಲ್ಲಿ ಮಾತ್ರ ಗಂಧಕ ತುಂಬಿದ ಬಿಸಿನೀರು ಬಂಡೆಯ ಬಿರುಕುಗಳಲ್ಲಿ ಹರಿದು, ತವರವನ್ನು ಸೀಸ, ಆಂಟಿಮನಿಗಳ ಜತೆ ಗಂಧಕಕ್ಕೆ ಗಂಟು ಹಾಕಿದೆ. ಹಾಗೆ ಹುಟ್ಟಿದ ವಿಚಿತ್ರ ಕುಟುಂಬದಲ್ಲಿ ಒಂದು ಈ ಸಿಲಿಂಡ್ರೈಟ್. ಅದನ್ನು 1893ರಲ್ಲಿ ಮೊದಲು ವಿವರಿಸಿದವನು ಜರ್ಮನಿಯ ಸ್ಯಾಕ್ಸನಿಯ ಫ್ರೈಬರ್ಗಿನ ಖನಿಜತಜ್ಞ ಆಗಸ್ಟ್ ಫ್ರೆಂಜೆಲ್. ಅದೇ ವರ್ಷ ಅದೇ ಊರಿನ ಆಲ್ಫ್ರೆಡ್ ಸ್ಟೆಲ್ಜ್ನರ್ ಇದರ ಹತ್ತಿರದ ಬಂಧುವೊಂದನ್ನು ಬೊಲಿವಿಯಾದ ಅದಿರಿನಲ್ಲೇ ಗುರುತಿಸಿ ಫ್ರಾಂಕೈಟ್ ಎಂದು ಹೆಸರಿಟ್ಟ. ಗಣಿವಿದ್ಯೆಗೆಂದೇ 1765ರಲ್ಲಿ ಅಕಾಡೆಮಿ ಕಟ್ಟಿಕೊಂಡ ಊರು ಫ್ರೈಬರ್ಗ್. ಭೂಗೋಳದ ಆಚೆ ಬದಿಯ ಕಲ್ಲುಗಳೂ ಕೊನೆಗೆ ಅಲ್ಲಿಗೇ ಹೋಗಿ ಹೆಸರು ಪಡೆಯುತ್ತಿದ್ದವು.

ಕೈಯಲ್ಲಿ ಹಿಡಿದರೆ ಗಾತ್ರಕ್ಕೆ ಮೀರಿದ ಭಾರ ಗೊತ್ತಾಗುತ್ತದೆ. ಸಾಂದ್ರತೆ ನೀರಿನ ಸುಮಾರು ಐದೂವರೆ ಪಟ್ಟು, ಅಂದರೆ ಬೆಣಚುಕಲ್ಲಿನ ಎರಡರಷ್ಟು. ಗಡಸುತನ ಮಾತ್ರ ಮೋಸ್ ಮಾಪಕದಲ್ಲಿ ಎರಡೂವರೆ, ಉಗುರಿನಷ್ಟೇ ಮೆತ್ತಗೆ. ಬಿಳಿ ಪಿಂಗಾಣಿ ಬಿಲ್ಲೆಯ ಮೇಲೆ ಒರೆ ಹಚ್ಚಿದರೆ ಕಪ್ಪು ಗೆರೆ. ಅಕ್ಕಸಾಲಿಗರಿಗೆ ಚಿನ್ನದ ಒರೆ ಹೇಗೋ, ಖನಿಜ ತಜ್ಞರಿಗೆ ಈ ಗೆರೆಯ ಬಣ್ಣ ಹಾಗೆ, ಮೇಲಿನ ಹೊಳಪಿಗಿಂತ ಹೆಚ್ಚು ನಂಬಬಹುದಾದ ಸಾಕ್ಷಿ.

ಇನ್ನು ಇದರ ಸೂತ್ರ. ಪಠ್ಯಪುಸ್ತಕದ ಲೆಕ್ಕದ ಪ್ರಕಾರ ಮೂರು ಸೀಸ, ನಾಲ್ಕು ತವರ, ಒಂದು ಕಬ್ಬಿಣ, ಎರಡು ಆಂಟಿಮನಿ, ಹದಿನಾಲ್ಕು ಗಂಧಕ. ಇಲ್ಲೊಂದು ಪುಟ್ಟ ಗಣಿತದ ಸುಖವಿದೆ. ಹದಿನಾಲ್ಕು ಗಂಧಕಕ್ಕೆ ತಲಾ ಎರಡರಂತೆ ಇಪ್ಪತ್ತೆಂಟು ಋಣ ಆವೇಶ. ಸೀಸದಿಂದ ಆರು, ಕಬ್ಬಿಣದಿಂದ ಎರಡು, ಆಂಟಿಮನಿಯಿಂದ ಆರು ಧನ ಆವೇಶ ಬಂದರೆ ಹದಿನಾಲ್ಕಾಯಿತು. ಉಳಿದ ಹದಿನಾಲ್ಕನ್ನು ನಾಲ್ಕು ತವರಗಳು ತುಂಬಬೇಕು. ಎಲ್ಲವೂ ಸಮನಾಗಿ ಹಂಚಿಕೊಂಡರೆ ಲೆಕ್ಕ ಕೂಡುವುದಿಲ್ಲ. ಮೂರು ತವರ ತಲಾ ನಾಲ್ಕು, ಒಂದು ಮಾತ್ರ ಎರಡು ಕೊಟ್ಟರೆ ಸರಿಹೋಗುತ್ತದೆ. ಅಂದರೆ ಒಂದೇ ಖನಿಜದಲ್ಲಿ ತವರ ಎರಡು ಬಗೆಯಲ್ಲಿದೆ. ಮುಂದಿನ ಕಥೆಯೆಲ್ಲ ಅಲ್ಲಿಂದಲೇ ಹೊರಡುತ್ತದೆ.

ಖನಿಜಗಳ ದಫ್ತರದಲ್ಲಿ ಇದು ಸಲ್ಫೊಸಾಲ್ಟುಗಳ ಪಂಗಡಕ್ಕೆ ಸೇರಿದ್ದು. ಆಮ್ಲಜನಕ ಸೇರಿ ಲವಣಗಳಾಗುವಂತೆ ಗಂಧಕ ಸೇರಿಯೂ ಲವಣಗಳಾಗುತ್ತವೆ ಎಂಬ ಯೋಚನೆ ಸ್ವೀಡನ್ನಿನ ರಸಾಯನವಿಜ್ಞಾನಿ ಬರ್ಜೀಲಿಯಸ್‌ನ ಕಾಲದ್ದು. ಈಗ ಈ ಪಂಗಡದಲ್ಲಿ ಇನ್ನೂರಕ್ಕೂ ಹೆಚ್ಚು ಖನಿಜಗಳಿವೆ. ಸದಸ್ಯತ್ವದ ನಿಯಮ ಸ್ಥೂಲವಾಗಿ ಹೀಗೆ: ಒಂದು ಕಡೆ ಸೀಸ, ತಾಮ್ರ, ಬೆಳ್ಳಿಯಂಥ ಲೋಹ, ಇನ್ನೊಂದು ಕಡೆ ಆರ್ಸೆನಿಕ್, ಆಂಟಿಮನಿ, ಬಿಸ್ಮತ್ತುಗಳಲ್ಲೊಂದು, ಎರಡನ್ನೂ ಬೆಸೆಯಲು ಗಂಧಕ. ಆಂಟಿಮನಿಯ ಪರಮಾಣು ಮೂರು ಗಂಧಕಗಳ ಮೇಲೆ ಕುಳ್ಳನೆಯ ಗೋಪುರದಂತೆ ನಿಲ್ಲುತ್ತದೆ. ನಾಲ್ಕನೆಯ ದಿಕ್ಕಿನಲ್ಲಿ ಯಾರ ಜತೆಗೂ ಬೆಸೆಯದ ಒಂದು ಎಲೆಕ್ಟ್ರಾನ್ ಜೋಡಿ ಜಾಗ ಹಿಡಿದು ಕೂತಿರುತ್ತದೆ. ಏನೂ ಮಾಡದೆ ಜಾಗ ಮಾತ್ರ ಬಿಟ್ಟುಕೊಡದ ಇಂಥವರಿಂದಲೇ ಸಲ್ಫೊಸಾಲ್ಟುಗಳ ಒಳರಚನೆ ಅಷ್ಟೊಂದು ಡೊಂಕಾಗಿ, ಅಷ್ಟೊಂದು ಬಗೆಬಗೆಯಾಗಿ ಬೆಳೆದದ್ದು.

ಸಿಲಿಂಡ್ರೈಟಿನ ಡೊಂಕು ಬೇರೆಯೇ ಬಗೆಯದು. ಅದರ ಒಳಗೆ ಎರಡು ಜಾತಿಯ ಪದರಗಳು ಒಂದಾದ ಮೇಲೊಂದು ಬರುತ್ತವೆ. ಒಂದು, ಸೀಸದ ಸಲ್ಫೈಡಿನ ಹಾಗೆ ಚೌಕ ಚೌಕವಾಗಿ ಜೋಡಿಸಿದ ಪದರ. ಎರಡು ಆವೇಶದ ತವರ ಸೀಸದ ಜತೆ ಇಲ್ಲಿರುತ್ತದೆ. ಇನ್ನೊಂದು, ತವರದ ಡೈಸಲ್ಫೈಡಿನ ಹಾಗೆ ಷಟ್ಕೋನದ ಹಂದರ. ನಾಲ್ಕು ಆವೇಶದ ತವರ ಇಲ್ಲಿಯದು. ಚೌಕಕ್ಕೂ ಷಟ್ಕೋನಕ್ಕೂ ಅಳತೆ ಹೊಂದುವುದಿಲ್ಲ. ಬೇರೆ ಬೇರೆ ಎಣಿಕೆಯ ಎರಡು ತಾಳಗಳನ್ನು ಒಟ್ಟಿಗೆ ಹಾಕಿದರೂ ಎಷ್ಟೋ ಆವರ್ತಗಳ ನಂತರ ಅವು ಸಮಕ್ಕೆ ಬಂದು ಸೇರುತ್ತವೆ, ಸಭೆ ತಲೆದೂಗುತ್ತದೆ. ಇಲ್ಲಿ ಆ ಸಮವೇ ಇಲ್ಲ. ಎಷ್ಟು ದೂರ ಹೋದರೂ ಒಂದರ ಹೆಜ್ಜೆ ಇನ್ನೊಂದರ ಹೆಜ್ಜೆಯ ಮೇಲೆ ಸರಿಯಾಗಿ ಬೀಳುವುದಿಲ್ಲ. ಹತ್ತಿರ ಬಂದು ತಪ್ಪಿಹೋಗುತ್ತದೆ. ಹೀಗೆ ಹೊಂದದ ಪದರಗಳನ್ನು ಬೆನ್ನಿಗೆ ಬೆನ್ನು ಅಂಟಿಸಿದಾಗ ಉಂಟಾಗುವ ಬಿಗಿತ ಎಲ್ಲಾದರೂ ಹೊರಬರಲೇಬೇಕು. ಪದರಗಳು ಅಲೆಯಲೆಯಾಗುತ್ತವೆ, ಬಾಗುತ್ತವೆ, ಕೊನೆಗೆ ಸುತ್ತಿಕೊಳ್ಳುತ್ತವೆ. 1970ರ ದಶಕದಿಂದ ಈ ರಚನೆಯನ್ನು ಬಿಡಿಸುತ್ತ ಬಂದವರಲ್ಲಿ ಕೋಪನ್‌ಹೇಗನ್ನಿನ ಸ್ಫಟಿಕತಜ್ಞ ಎಮಿಲ್ ಮಾಕೊವಿಕಿ ಪ್ರಮುಖರು.

ಒಂದು ಜೋಡಿ ಪದರದ ದಪ್ಪ ಸುಮಾರು 1.17 ನ್ಯಾನೊಮೀಟರ್. ಅಂದರೆ ಉರುಳೆಯ ಒಂದು ಮಿಲಿಮೀಟರ್ ದಪ್ಪದಲ್ಲಿ ಎಂಟು ಲಕ್ಷಕ್ಕೂ ಹೆಚ್ಚು ಜೋಡಿಗಳು. ಕಣ್ಣಿಗೆ ಕಾಣುವ ಆ ಉಂಗುರಗಳು ಎಂಟು ಲಕ್ಷ ಸಲ ನಡೆದ ಅದೇ ಜಗಳದ ಗುರುತು ಎಂದುಕೊಂಡರೆ ಬೂದು ಬಣ್ಣ ಬೇಸರ ತರಿಸುವುದಿಲ್ಲ.

ಬಂಧುವಾದ ಫ್ರಾಂಕೈಟಿನ ಜತೆ ಇಟ್ಟು ನೋಡಿದರೆ ಇದು ಇನ್ನೂ ಸ್ಪಷ್ಟ. ಅದೂ ಸೀಸ, ತವರ, ಕಬ್ಬಿಣ, ಆಂಟಿಮನಿ, ಗಂಧಕಗಳದ್ದೇ. ಅಲ್ಲೂ ಅದೇ ಎರಡು ಪದರ. ವ್ಯತ್ಯಾಸ ಇಷ್ಟೇ: ಸಿಲಿಂಡ್ರೈಟಿನಲ್ಲಿ ಚೌಕದ ಪದರ ಎರಡು ಪರಮಾಣು ದಪ್ಪ, ಫ್ರಾಂಕೈಟಿನಲ್ಲಿ ನಾಲ್ಕು. ಚೌಕದ ಪದರ ದಪ್ಪಗಾದ ಫ್ರಾಂಕೈಟ್ ಹೆಚ್ಚಾಗಿ ತೆಳು ಹಾಳೆಗಳಾಗಿ, ಹಾಳೆಗಳ ಗೊಂಚಲುಗಳಾಗಿ ಬೆಳೆಯುತ್ತದೆ. ತೆಳ್ಳಗಿರುವ ಸಿಲಿಂಡ್ರೈಟ್ ಸುರುಳಿಯಾಗುತ್ತದೆ.

ಇಂಥದ್ದನ್ನು ಎಲ್ಲಿ ಇಡುವುದು? ಖನಿಜ ವರ್ಗೀಕರಣದ ಡೇನಾ ಪದ್ಧತಿ ಸಲ್ಫೊಸಾಲ್ಟುಗಳನ್ನು ಲೋಹ, ಅರೆಲೋಹ, ಗಂಧಕಗಳ ಪ್ರಮಾಣದ ಮೇಲೆ ಸಾಲು ಮಾಡುತ್ತದೆ. ಅಂಗಡಿಯ ಲೆಕ್ಕದ ಪುಸ್ತಕಕ್ಕೆ ಅದು ಸಾಕು, ಆದರೆ ಸುರುಳಿಯ ಬಗ್ಗೆ ಒಂದಕ್ಷರವೂ ಹೇಳುವುದಿಲ್ಲ. ಸ್ಟ್ರುಂಜ್ ಪದ್ಧತಿ ನನಗೆ ಹೆಚ್ಚು ಮೆಚ್ಚುಗೆ. ಅದರಲ್ಲಿ ಸಿಲಿಂಡ್ರೈಟಿನ ವಿಳಾಸ 2.ಎಚ್‌ಎಫ್.25ಎ. ಎರಡು ಅಂದರೆ ಸಲ್ಫೈಡು ಮತ್ತು ಸಲ್ಫೊಸಾಲ್ಟುಗಳ ವರ್ಗ. ಎಚ್ ಅಂದರೆ ತವರದ ಸಲ್ಫೈಡಿನ ಮಾದರಿಯಲ್ಲಿ ಕಟ್ಟಿದವು. ಎಫ್ ಅಂದರೆ ಆ ಮಾದರಿಯ ಜತೆಗೆ ಸೀಸದ ಸಲ್ಫೈಡಿನ ಮಾದರಿಯೂ ಸೇರಿದವು. ಮುಂದಿನ ಮನೆ, 25ಬಿ, ಫ್ರಾಂಕೈಟಿನದು. ಎರಡು ಮಾದರಿ ಒಂದೇ ಸೂರಿನಡಿ ಇವೆ ಎಂದು ವಿಳಾಸವೇ ಒಪ್ಪಿಕೊಳ್ಳುತ್ತದೆ. ಈ ಕೇರಿಯಲ್ಲಿ ಮನೆಗಳು ಕಡಿಮೆ. ಗ್ರೀಸಿನಲ್ಲಿ ಸಿಕ್ಕ ಲೆವಿಕ್ಲಾಡೈಟಿನಲ್ಲಿ ತಾಮ್ರ, ಬಿಸ್ಮತ್ತು ಬಂದು ಸೇರಿವೆ. ಕುರಿಲ್ ದ್ವೀಪಗಳ ಕುದ್ರ್ಯಾವಿ ಜ್ವಾಲಾಮುಖಿಯ ಹೊಗೆಬಾಯಲ್ಲಿ ಹುಟ್ಟುವ ಅಬ್ರಮೊವೈಟಿನಲ್ಲಿ ಇಂಡಿಯಂ ಎಂಬ ಅಪರೂಪದ ಲೋಹವಿದೆ.

ಇಷ್ಟೆಲ್ಲ ಕೆಲವೇ ಸಂಗ್ರಾಹಕರ ಚಪಲವಾಗಿ ಉಳಿಯಬಹುದಿತ್ತು. ಆದರೆ ಒಂದೇ ಪರಮಾಣು ದಪ್ಪದ ಇಂಗಾಲದ ಹಾಳೆಯಾದ ಗ್ರಾಫೀನ್ ಬಂದ ಮೇಲೆ ಭೌತವಿಜ್ಞಾನಿಗಳೂ ಈ ಕೇರಿಗೆ ಬಂದರು. ಪರಮಾಣು ದಪ್ಪದ ಬೇರೆ ಬೇರೆ ಹಾಳೆಗಳನ್ನು ಒಂದರ ಮೇಲೊಂದು ಪೇರಿಸಿ ಹೊಸ ವಸ್ತುಗಳನ್ನು ಮಾಡುವುದು ಅವರ ಹಂಬಲ. ಕೈಯಿಂದ ಪೇರಿಸುವಾಗ ಹಾಳೆಗಳ ನಡುವೆ ಕಶ್ಮಲ ಸಿಕ್ಕಿಕೊಳ್ಳುತ್ತದೆ, ಜೋಡಣೆ ಓರೆಯಾಗುತ್ತದೆ. ಬೊಲಿವಿಯಾದ ಬಿಸಿನೀರು ಆ ಕೆಲಸವನ್ನು ಯಾವಾಗಲೋ ಚೊಕ್ಕಟವಾಗಿ ಮಾಡಿಟ್ಟಿತ್ತು. 2017ರಲ್ಲಿ ಎರಡು ತಂಡಗಳು ಫ್ರಾಂಕೈಟನ್ನು ಕೆಲವೇ ನ್ಯಾನೊಮೀಟರ್ ದಪ್ಪಕ್ಕೆ ಸುಲಿದು ತೋರಿಸಿದವು. ಎರಡು ವರ್ಷದ ನಂತರ ಸಿಲಿಂಡ್ರೈಟಿನ ಸರದಿ ಬಂತು. ಕಬ್ಬಿಣ ಇರುವುದರಿಂದ ಅದರ ಕಾಂತೀಯ ಗುಣದ ಮೇಲೂ ಈಗ ಕಣ್ಣು ಬಿದ್ದಿದೆ. ಉಪಯೋಗ ಏನಾಗುತ್ತದೋ ಆಗಲಿ. ಅಳತೆ ಹೊಂದದವರು ಕೂಡಿ ಬಾಳಿದಾಗ ಹುಟ್ಟಿದ ಈ ಆಕಾರವೇ ನನಗೆ ಸಾಕು.

ಯಾವುದಾದರೂ ಖನಿಜ ಸಂಗ್ರಹಾಲಯದಲ್ಲಿ ಈ ಹೆಸರಿನ ಚೀಟಿ ಕಂಡರೆ ಬದಿಯಿಂದ ನೋಡಿ ಮುಂದೆ ಹೋಗಬೇಡಿ. ಮುರಿದ ತುದಿ ಯಾವ ಕಡೆ ಇದೆ ಎಂದು ಹುಡುಕಿ, ದೀಪದ ಬೆಳಕು ಅದರ ಮೇಲೆ ಬೀಳುವ ಹಾಗೆ ನಿಂತು ನೋಡಿ. ಯಾರಾದರೂ ಕೈಗೇ ಕೊಟ್ಟರೆ ಸಿಪ್ಪೆ ಕೀಳುವ ಆಸೆ ತಡೆದುಕೊಳ್ಳಿ, ಮತ್ತು ಊಟಕ್ಕೆ ಮುಂಚೆ ಸೋಪು ಹಾಕಿ ಕೈ ತೊಳೆಯಿರಿ. ಇದರ ತೂಕದಲ್ಲಿ ಮೂರರಲ್ಲೊಂದು ಪಾಲು ಸೀಸ.