‘ಕನ್ನಡಿಗ’ ಇಲಿಯ ತೂಕ

1920ರ ದಶಕದಲ್ಲಿ ಕೂನೂರಿನ ಪ್ರಯೋಗಾಲಯದಲ್ಲಿ ಬ್ರಿಟಿಷ್ ವೈದ್ಯ, ಪೋಷಣಾ ವಿಜ್ಞಾನಿ ರಾಬರ್ಟ್ ಮೆಕ್‌ಕ್ಯಾರಿಸನ್ ಭಾರತದ ಏಳು ಜನವರ್ಗಗಳ ಊಟವನ್ನು ಇಲಿಗಳಿಗೆ ಬಡಿಸಿದ. 80 ದಿನ ಕಳೆದು ತಕ್ಕಡಿಗೆ ಹಾಕಿದಾಗ ಸಿಖ್ ಊಟ ಉಂಡ ಇಲಿ ಸರಾಸರಿ 235 ಗ್ರಾಂ, ಕನ್ನಡಿಗರದು 185, ಮದ್ರಾಸಿಗಳದು 155.

ಇದನ್ನು ಹುಸಿ ವಿಜ್ಞಾನವೆಂದು ತಳ್ಳಿಹಾಕಲು ನಾನು ಸಿದ್ಧನಿಲ್ಲ. ಕಸುವು ರಕ್ತದಿಂದಲ್ಲ, ತಟ್ಟೆಯಿಂದ ಬರುತ್ತದೆ ಎಂದು ಆಳುವವರ ನಡುವೆ ನಿಂತು ಹೇಳಿದ್ದು ಸಣ್ಣ ಮಾತಲ್ಲ. ಹಾಲು, ಸೊಪ್ಪು, ಪಾಲಿಶ್ ಮಾಡದ ಧಾನ್ಯದ ಪರವಾಗಿ ಆತ ವಾದಿಸಿದ್ದು ಇಂದಿಗೂ ಸರಿಯೇ. ಆದರೆ ಬ್ರಿಟಿಷ್ ಸೇನೆಯವರು ಮೊದಲೇ ಬರೆದಿಟ್ಟಿದ್ದ ‘ಯೋಧ ಜನಾಂಗ’ಗಳ ಶ್ರೇಣಿಯನ್ನು ಆತ ಪ್ರಶ್ನಿಸಲಿಲ್ಲ. ಇಲಿಗಳಿಂದ ಅದಕ್ಕೊಂದು ಸಹಿ ಹಾಕಿಸಿಕೊಂಡ, ಅಷ್ಟೆ.

ಅಷ್ಟಕ್ಕೂ ಯಾವ ಕನ್ನಡಿಗ? ಕರಾವಳಿಯ ಕುಚ್ಚಲಕ್ಕಿ ಗಂಜಿಯವನೋ, ವಿಜಾಪುರದ ಜೋಳದ ರೊಟ್ಟಿಯವನೋ? ಮಧುಗಿರಿಯಲ್ಲಿ ರಾಗಿಮುದ್ದೆ, ಹುರುಳಿ ಸಾರು. ಸಿರಾ, ಪಾವಗಡದ ಬೆದ್ದಲಿನಲ್ಲಿ ನವಣೆ, ಸಾಮೆ, ಹಾರಕ. ಕೊರಟಗೆರೆಯಲ್ಲಿ ಕೆರೆ ಹಿಂದೆ ಗದ್ದೆಯಿದ್ದವರಿಗೆ ಅನ್ನ, ಉಳಿದವರಿಗೆ ಹಬ್ಬ ಬರಬೇಕು. ಜಮೀನುದಾರನ ಮನೆಯ ಬೆಣ್ಣೆ ಕೂಲಿಯವನ ಅಂಬಲಿಗೆ ಬೀಳುತ್ತಿತ್ತೇ? ಜಾತಿ, ಹಿಡುವಳಿ, ಮಳೆ ಎಲ್ಲವನ್ನೂ ಅಳಿಸಿ ಒಂದು ಜನಾಂಗದ ಹೆಸರು ಅಂಟಿಸಿದರೆ, ಬಡತನವೂ ಅಡುಗೆಯ ಪದ್ಧತಿಯಾಗಿ ಕಾಣತೊಡಗುತ್ತದೆ.

ನನ್ನ ದೊಡ್ಡ ತಕರಾರು ಬೇರೆ. ಪಂಜರದ ಇಲಿಗೆ ನಾಳೆಯ ಊಟ ಖಾತ್ರಿ; ಮನುಷ್ಯನಿಗೆ ಆ ಖಾತ್ರಿ ಇರಲಿಲ್ಲ. ಮೈಸೂರು ಸೀಮೆಯವರು ಧಾತು ಈಶ್ವರ ಬರ ಎಂದು ಕರೆದ 1876–78ರ ಬರಗಾಲದಲ್ಲಿ ಸಂಸ್ಥಾನ ಬ್ರಿಟಿಷ್ ಕಮಿಷನರ ಕೈಯಲ್ಲಿತ್ತು. ವರ್ಷಗಟ್ಟಲೆ ರಾಗಿ ಕೆಡದಂತೆ ಕಾಯುವ ಹಗೇವುಗಳೂ ಮೇಲಿಂದ ಮೇಲೆ ಮಳೆ ಕೈಕೊಟ್ಟರೆ ಎಷ್ಟೆಂದು ತಾಳಿಯಾವು? 1871ರಲ್ಲಿ 50,55,412 ಇದ್ದ ಸಂಸ್ಥಾನದ ಜನಸಂಖ್ಯೆ 1881ರಲ್ಲಿ 41,86,188. ಪಕ್ಕದ ಮದ್ರಾಸಿನಲ್ಲಿ, ಬರ ಪರಿಶೀಲನೆಗೆ ಭಾರತ ಸರ್ಕಾರ ಕಳಿಸಿದ್ದ ಅಧಿಕಾರಿ ರಿಚರ್ಡ್ ಟೆಂಪಲ್ ಬರಗಾಲದ ಕಾಮಗಾರಿಯ ಕೂಲಿಯನ್ನು ದಿನಕ್ಕೆ ಒಂದು ಪೌಂಡ್ ಧಾನ್ಯ, ಮೇಲೊಂದಿಷ್ಟು ಕಾಸಿಗೆ ಇಳಿಸಿದ್ದ. ಮಣ್ಣು ಹೊರುವವನಿಗೆ ಇದು ಸಾಲದೆಂದು ಅಲ್ಲಿನ ಸ್ಯಾನಿಟರಿ ಕಮಿಷನರ್ ಡಾ. ಕಾರ್ನಿಷ್ ಪಟ್ಟು ಹಿಡಿದು ವಾದಿಸಿದ.

ಅಂದರೆ ಅರೆಹೊಟ್ಟೆಯ ಲೆಕ್ಕ ಸರ್ಕಾರದ ಕಡತದಲ್ಲೇ ಅರ್ಧ ಶತಮಾನ ಮೊದಲೇ ಇತ್ತು. ಕೂನೂರಿನಲ್ಲಿ ಎಂಟನೆಯದೊಂದು ಪಂಜರವಿಟ್ಟು, ಆ ಸಿಖ್ ಊಟವನ್ನೇ ಟೆಂಪಲ್ಲನ ಅಳತೆಗೆ ಇಳಿಸಿ ಕೊಟ್ಟಿದ್ದರೆ, ಆ ಇಲಿಯ ತೂಕಕ್ಕೆ ಯಾವ ಜನಾಂಗದ ಹೆಸರು ಬರೆಯುತ್ತಿದ್ದರೋ!